ಕದಿರಮ್ಮನ ಮಗ್ಗದ ಸದ್ದು

ನನ್ನ ಬಾಯಿ ಜೋರು ಅಂತ ದೊಡ್ಡಬಳ್ಳಾಪುರದ ಈ ಬೀದಿಗೆಲ್ಲ ಗೊತ್ತು. ನಾಲ್ಕು ಮಗ್ಗ ಇಟ್ಟುಕೊಂಡು ಒಬ್ಬಳೇ ಹೆಂಗಸು ಬದುಕಬೇಕಾದರೆ ಬಾಯಿ ಬೇಡವೇ? ಸೋಲಾರ್‌ನವರ ಮೇಲೂ ಬಾಯಿ ಮಾಡಿದ್ದೆ. ತಾರಸಿ ತುಂಬ ಪ್ಯಾನೆಲ್ ಹಾಕಿದರು. ಬಿಸಿಲಿದ್ದರೆ ಮಗ್ಗ ಓಡಿ ಮಿಕ್ಕಿದ್ದು ಕಂಬದ ತಂತಿಗೆ ಹೋಗುತ್ತದೆ, ಮೋಡ ಮುಚ್ಚಿದರೆ ತಂತಿಯಿಂದ ಬರುತ್ತದೆ ಅಂದರು. ಎಲ್ಲ ಸರಿ. ಆದರೆ ಬೀದಿಯಲ್ಲಿ ಕರೆಂಟ್ ಹೋದರೆ ಸೋಲಾರೂ ನಿಂತುಬಿಡುತ್ತದಂತೆ! ನೆತ್ತಿ ಸುಡುವ ಬಿಸಿಲು, ಕೆಳಗೆ ನಾಲ್ಕೂ ಮಗ್ಗ ಗಪ್‌ಚುಪ್. ಮೈ ಉರಿಯದೆ ಇರುತ್ತದೆಯೇ?

ನನ್ನ ತಮ್ಮ ಬೈರೇಶ್ ನಮ್ಮ ಬೀದಿಗೇ ಲೈನ್‌ಮನ್. ಅಮ್ಮ ಹೋದ ಮೇಲೆ ನಾನೇ ಎತ್ತಿ ಆಡಿಸಿ ಬೆಳೆಸಿದವನು. ಅವನನ್ನು ಕೂರಿಸಿಕೊಂಡು ಕೇಳಿದೆ.

"ಅದು ನಿಲ್ಲೋದು ನಮ್ಮಂಥೋರಿಗೋಸ್ಕರ ಕಣಕ್ಕ. ನಾವು ಕಂಬದ ಮೇಲೆ..." ಅಂದ.

"ನಿಂಗೋಸ್ಕರ ನನ್ ಮಗ್ಗ ನಿಲ್ಬೇಕೇನ್ಲಾ? ಸುಮ್ನೆ ಊಟ ಮಾಡು" ಅಂದೆ. ಅವನು ನಕ್ಕು ಮುದ್ದೆ ಮುರಿದ. ಮಾತು ಅಲ್ಲಿಗೆ ನಿಂತಿತು.

ನಮ್ಮಲ್ಲಿ ಒಂದೇ ಮಗ್ಗ ಎಳೆಯುವಷ್ಟು ಚಿಕ್ಕ ಜನರೇಟರ್ ಇತ್ತು. ಅದನ್ನು ರಿಪೇರಿ ಮಾಡುವ ಮುನೀಂದ್ರ ದಾರಿ ತೋರಿಸಿದ. "ತಂತೀಲಿ ಕರೆಂಟ್ ಐತೆ ಅಂತ ಈ ಸೋಲಾರ್ ಪೆಟ್ಟಿಗೆಗೆ ಅನ್ನಿಸ್ಬೇಕು, ಅಷ್ಟೇ ಅಂಜಿನಮ್ಮ. ನಿಮ್ ಜನರೇಟರಿಂದ ಹಂಗನ್ನಿಸ್ಬಿಡಾಣ. ಆದ್ರೆ ಮೊದ್ಲು ಬೀದಿ ತಂತಿಗೆ ಸೇರಿಸೋ ಮೇನ್ ಸ್ವಿಚ್ ಕೆಳಕ್ಕೆಳೀಬೇಕು, ಮರೀಬೇಡಿ."

"ಆಯ್ತಪ್ಪ" ಅಂದೆ.

ಮಗ್ಗದವರಿಗೆ ಒಂದು ಅಭ್ಯಾಸ. ಕರೆಂಟ್ ಹೋದರೆ ನಾವು ಯಾವ ಸ್ವಿಚ್ಚೂ ಆರಿಸುವುದಿಲ್ಲ. ಬಂತೋ ಇಲ್ಲವೋ ಅಂತ ಯಾರು ಕಾಯುತ್ತ ಕೂರುತ್ತಾರೆ? ಮಗ್ಗ ತಾನೇ ಲಟಲಟ ಅಂದರೆ ಬಂತು ಅಂತ ಅರ್ಥ. ನಮ್ಮ ಕೈ ಸ್ವಿಚ್ಚಿನ ಹತ್ತಿರ ಹೋಗುವುದೇ ಇಲ್ಲ.

ಆ ಮಂಗಳವಾರ ಮಧ್ಯಾಹ್ನ ಬೀದಿ ಕೊನೆಯ ಕಂಬದಲ್ಲಿ ತಂತಿ ಸುಟ್ಟುಹೋಯಿತು. ಅದರಾಚೆ ಇರುವುದು ಎರಡೇ ಮನೆ, ನಮ್ಮದು ಮತ್ತು ಎದುರಿನ ಕದಿರಮ್ಮನದು. ಬೈರೇಶ್ ಬಂದ. "ಟ್ರಾನ್ಸ್‌ಫಾರ್ಮರ್ ಹತ್ರ ಫ್ಯೂಸ್ ಕಿತ್ಕಂಡ್ ಬಂದಿದೀನಿ ಕಣಕ್ಕ, ಅರ್ಧ ಗಂಟೆ" ಅಂತ ಹೆಗಲ ಚೀಲ ತಟ್ಟಿ ತೋರಿಸಿ ಏಣಿ ಹತ್ತಿದ.

ಅರ್ಧ ಗಂಟೆಯಂತೆ! ಒಳಗೆ ಹೋಗಿ ಜನರೇಟರ್ ಶುರು ಮಾಡಿದೆ. ಪೆಟ್ಟಿಗೆಯ ಹಸಿರು ದೀಪ ಹತ್ತಿತು. ನಾಲ್ಕೂ ಮಗ್ಗ ಓಡಿದವು. ಹೆಂಗೆ ಅಂಜಿನಮ್ಮ ಅಂತ ನನಗೆ ನಾನೇ ಹೇಳಿಕೊಂಡು ಬಾಗಿಲಿಗೆ ಬಂದೆ.

ಎದುರಿನಿಂದಲೂ ಲಟಲಟ ಅಂತ ಸದ್ದು ಬರುತ್ತಿತ್ತು. ಎಷ್ಟು ಗಲಾಟೆಯಿದ್ದರೂ ಯಾವ ಮನೆಯ ಮಗ್ಗ ಅಂತ ನಮ್ಮ ಕಿವಿಗೆ ಗೊತ್ತಾಗುತ್ತದೆ. ಅದು ಕದಿರಮ್ಮನ ಮಗ್ಗ. ಪರವಾಗಿಲ್ಲವೇ, ನನ್ನ ತಮ್ಮ ಇಷ್ಟು ಬೇಗ ಕೆಲಸ ಮುಗಿಸಿಬಿಟ್ಟ ಅಂದುಕೊಂಡು ಕಂಬದ ಕಡೆ ನೋಡಿದೆ. ಅವನು ಇನ್ನೂ ಮೇಲೆಯೇ ಇದ್ದ.

ಅಯ್ಯೋ ದೇವರೇ! ಕದಿರಮ್ಮನ ಮನೆಯಲ್ಲಿ ಸೋಲಾರಿಲ್ಲ, ಜನರೇಟರಿಲ್ಲ. ಅವಳ ಮಗ್ಗ ಯಾರ ಕರೆಂಟಿನಲ್ಲಿ ಓಡುತ್ತಿದೆ?

"ಲೋ ಬೈರಾ, ಮುಟ್ಬೇಡ್ವೋ!" ಅಂತ ಕಿರುಚಿದೆ. ಇಡೀ ಬೀದಿ ಹೆದರುವ ನನ್ನ ಬಾಯಿ ನನ್ನ ಮಗ್ಗಗಳ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಒಳಗೆ ಓಡಿದೆ. ಮೇನ್ ಸ್ವಿಚ್ ಮೇಲಕ್ಕೇ ಇತ್ತು. ಎಳೆದೆ. ಎದುರಿನ ಸದ್ದು ನಿಂತಿತು. ಅದೇ ಹೊತ್ತಿಗೆ ಕದಿರಮ್ಮ ಬೀದಿಯಲ್ಲಿ ಚೀರಿಕೊಂಡಳು.

ಅವನು ಸೊಂಟದ ಹಗ್ಗದಲ್ಲಿ ನೇತಾಡುತ್ತಿದ್ದ. ಬೀದಿಯವರು ಸೇರಿ ಇಳಿಸಿದರು. ಬಲಗೈ ಅಂಗೈ ಕರಕಲಾಗಿತ್ತು. ನಾನು ಅವನ ತಲೆಯ ಹತ್ತಿರ ಕೂತೆ. ಯಾರೋ ಅವನ ಮುಖಕ್ಕೆ ನೀರು ಚಿಮುಕಿಸಿದರು. ಕಣ್ಣು ಬಿಟ್ಟ. ಎಡಗೈಯಿಂದ ಚೀಲ ತಡಕಿದ.

"ಫ್ಯೂಸ್ ಇಲ್ಲೇ ಐತಲ್ಲಕ್ಕ. ಮತ್ತೆ ಎಲ್ಲಿಂದ ಬಂತು ಕರೆಂಟು?"

"ಯಾವ್ ಮನೆಹಾಳರ ಕೆಲ್ಸವೋ! ಅಂಜಿನಮ್ಮ, ನೀನೇ ಹೋಗಿ ಕರೆಂಟ್ ಆಫೀಸ್ನೋರನ್ನ ಕೇಳು, ಸುಮ್ನೆ ಬಿಡ್ಬೇಡ" ಅಂದಳು ಕದಿರಮ್ಮ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಒಳಗೆ ನನ್ನ ನಾಲ್ಕೂ ಮಗ್ಗ ಇನ್ನೂ ಓಡುತ್ತಲೇ ಇದ್ದವು. ಬೈರೇಶ್ ಆ ಸದ್ದು ಕೇಳಿಸಿಕೊಂಡ. ನಮ್ಮ ಬಾಗಿಲ ಕಡೆ ನೋಡಿದ, ಆಮೇಲೆ ನನ್ನ ಕಡೆ.

"ನಮ್ಮನೆಯಿಂದ ಬಂತು ಕಣೋ" ಅಂದೆ.