ಅಕ್ಕನ ಕಟಿಂಗ್

ಕ್ಷೌರಿಕ ಬೆಳಗಿನಿಂದ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಒರೆಸಿದ ಕನ್ನಡಿಯನ್ನೇ ಮತ್ತೆ ಒರೆಸಿದ, ಮಡಿಸಿದ ಟವೆಲನ್ನು ಬಿಚ್ಚಿ ಮತ್ತೆ ಮಡಿಸಿದ. ಹಿಂದಿನ ದಿನ ಚರ್ಚಿನಲ್ಲಿ, ತೀರಿಹೋಗಿ ತಿಂಗಳಾದ ಅಕ್ಕನಿಗಾಗಿ ಪೂಜೆ ನಡೆದಿತ್ತು. ಬಾಗಿಲ ಹೊರಗೇ ನಿಂತಿದ್ದ ಮುದುಕನೊಬ್ಬ, "ಕೂದಲು ಬೆಳೆದುಬಿಟ್ಟಿದೆ ಸ್ವಾಮಿ, ನಾಳೆ ಅಂಗಡಿಗೆ ಬರ್ಲಾ?" ಎಂದು ಕೇಳಿದ್ದ. ಇವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ನೋಡೋಣ" ಎಂದು ಜಾರಿಕೊಂಡಿದ್ದ.

ಅಕ್ಕ ಮದುವೆಯಾಗಲಿಲ್ಲ, ಕನ್ಯಾಸ್ತ್ರೀಯರ ಮಠವನ್ನೂ ಸೇರಲಿಲ್ಲ. ಯಾರಾದರೂ ಸಿಸ್ಟರ್ ಎಂದರೆ, "ಹಾಗನ್ನಬೇಡಿ, ಮಠದೋರು ಬೈತಾರೆ. ಅಕ್ಕ ಅನ್ನಿ ಸಾಕು" ಎಂದು ನಗುತ್ತಿದ್ದಳು. ಪ್ರಭುವಿನ ಸೇವೆಗೆ ಬಿಳಿ ಬಟ್ಟೆಯೇ ಬೇಕೆಂದು ಅವಳಿಗೆ ಅನ್ನಿಸಿರಲಿಲ್ಲ. ಹಗಲು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ, ಸಂಜೆ ಊರಾಚೆಯ ಸಾಲುಮನೆ. ಕುಷ್ಠ ವಾಸಿಯಾದರೂ ಮನೆಯವರು ಕರೆದುಕೊಳ್ಳದವರು ಅಲ್ಲಿದ್ದರು. ಅವರ ಹುಣ್ಣು ತೊಳೆದಳು, ಓದು ಕಲಿಸಿದಳು, ಯಾರೂ ಮುಟ್ಟದ ತಲೆಗಳಿಗೆ ತಾನೇ ಕತ್ತರಿ ಹಿಡಿದಳು. ದೇವರು ಅವಳಿಗೆ ಎಲ್ಲ ಕೊಟ್ಟಿದ್ದ, ಆ ಕೈಚಳಕವೊಂದನ್ನು ಬಿಟ್ಟು. ತಲೆಗಳೆಲ್ಲ ಇಲಿ ಕಡಿದ ಹಾಗಿರುತ್ತಿದ್ದವು. ಸಾಲುಮನೆಯಲ್ಲಿ ಅದಕ್ಕೆ 'ಅಕ್ಕನ ಕಟಿಂಗ್' ಎಂದೇ ಹೆಸರು. ಕ್ಷೌರಿಕನಾದ ತಮ್ಮ ಅಣಕಿಸಿದರೆ, "ಅಷ್ಟು ಬಲ್ಲವನು ನೀನೇ ಬಾರೋ" ಎನ್ನುತ್ತಿದ್ದಳು. "ಬರೋ ವಾರ" ಎನ್ನುತ್ತಿದ್ದ ತಮ್ಮ. ಆ ವಾರ ಬರಲೇ ಇಲ್ಲ.

ಸಾಲುಮನೆಯ ಆ ಮುದುಕ ಬಂದೇಬಿಟ್ಟ. ಅವನ ಬೆನ್ನಿಗೇ ಮೇಷ್ಟ್ರೂ ಬಂದರು. ಪೂಜೆ ಮುಗಿದ ಮೇಲೆ ಅಕ್ಕನನ್ನು ಸಾಕ್ಷಾತ್ ಸಂತಳೆಂದು ಹೊಗಳಿ ಕಣ್ಣೊರೆಸಿಕೊಂಡವರು ಇವರೇ.

"ಇವನನ್ನ ಇಲ್ಲಿ ಕೂರಿಸ್ತೀಯೇನಯ್ಯ?" ಎಂದು ಪಿಸುಗುಟ್ಟಿದರು.

"ವಾಸಿಯಾಗಿದೆ ಮೇಷ್ಟ್ರೇ. ಹರಡಲ್ಲ ಅಂತ ಡಾಕ್ಟರೇ ಹೇಳಿದಾರೆ."

"ಅದು ನನಗೂ ಗೊತ್ತು. ಗಿರಾಕಿಗಳ ಬಾಯಿ ಮುಚ್ಚಿಸ್ತೀಯಾ? ನಿನ್ನ ಒಳ್ಳೇದಕ್ಕೇ ಹೇಳ್ತೀನಿ. ಅಕ್ಕ ಅಲ್ಲಿಗೇ ಹೋಗಿ ಮಾಡ್ತಿದ್ಲು, ನೀನೂ ಹೋಗು. ಇದು ಹೊಟ್ಟೆಪಾಡಿನ ಜಾಗ."

ಮಾತಿನಲ್ಲಿ ಸುಳ್ಳಿರಲಿಲ್ಲ. ಇರುವುದು ಒಂದೇ ಕುರ್ಚಿ. ಅದು ಖಾಲಿ ಬಿದ್ದರೆ ಮನೆಯಲ್ಲಿ ಒಲೆ ಉರಿಯದು. ಮುದುಕ ಆಗಲೇ ಹಿಂದೆ ಸರಿದು, "ಇನ್ನೊಂದು ದಿನ ಬರ್ತೀನಿ ಬಿಡಿ" ಎಂದ. ಎಷ್ಟು ಅಂಗಡಿಗಳ ಮುಂದೆ ಆಡಿದ ಮಾತೋ, ನಾಲಗೆಯ ತುದಿಯಲ್ಲೇ ಇತ್ತು. ಕ್ಷೌರಿಕನಿಗೆ ತಡೆಯಲಾರದಷ್ಟು ನಾಚಿಕೆಯಾಯಿತು.

"ಕೂತ್ಕೊಳ್ಳಿ ಅಜ್ಜ," ಎಂದ.

ಮೇಷ್ಟ್ರು ಮೂಗು ಮುರಿದು ಹೊರಗೆ ಹೋಗಿ ನಿಂತರು. ತಲೆ ಆಯಿತು, ಗಡ್ಡ ಆಯಿತು. ಮೀಸೆಗೆ ಬಂದಾಗ ಕೈ ನಿಂತುಬಿಟ್ಟಿತು. ಮೇಲ್ತುಟಿ ಬೋಳಿಸುವಾಗ ಗಿರಾಕಿಯ ಮೂಗಿನ ತುದಿ ಹಿಡಿದೆತ್ತುವುದು ಅವನ ಅಭ್ಯಾಸ. ಇಲ್ಲಿ ಮೂಗು ಕುಸಿದು ಚಪ್ಪಟೆಯಾಗಿತ್ತು.

ಮುದುಕ ಕನ್ನಡಿಯಲ್ಲೇ ಅದನ್ನು ಕಂಡ. "ಎಲ್ಲರೂ ನನ್ನ ಕಂಡ್ರೆ ಮೂಗು ಮುರೀತಾರೆ. ನನಗೆ ಆ ತಾಪತ್ರಯ ಇಲ್ಲ, ಮೊದಲೇ ಮುರಿದಿದೆ. ಕೆನ್ನೆ ಹಿಡ್ಕೊಳ್ಳಿ, ಅಕ್ಕ ಹಾಗೇ ಮಾಡೋರು."

ಕ್ಷೌರಿಕನಿಗೆ ನಗುವೂ ಬಂತು, ಅಳುವೂ ಬಂತು. ಅಂಗೈಯಿಡೀ ಕೆನ್ನೆಗೆ ಕೊಟ್ಟು ಹಿಡಿದ. ಮುದುಕ ಕಣ್ಣು ಮುಚ್ಚಿದ.

ಕೆಲಸ ಮುಗಿಸಿ ಬಟ್ಟೆ ಕೊಡವಲು ಹೊರಗೆ ಬಂದರೆ ಮೇಷ್ಟ್ರು ಇನ್ನೂ ಅಲ್ಲೇ ಇದ್ದರು. ಎದುರು ಗೋಡೆಯ ಮರೆಯಲ್ಲಿ ಸಾಲುಮನೆಯ ಇನ್ನೂ ಮೂವರು, ಒಳಗೆ ಏನಾಗುತ್ತದೋ ಎಂದು ಕಾಯುತ್ತಿದ್ದರು.

"ಮುಂದೆ ನಂದು ತಾನೇ?" ಎಂದು ಮೇಷ್ಟ್ರು ಕೇಳಿದರು. ದನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ.

"ನಿಮ್ದೇ ಮೇಷ್ಟ್ರೇ. ಇದೇ ಕುರ್ಚಿ," ಎಂದ ಕ್ಷೌರಿಕ. ಆಮೇಲೆ ಬೀದಿಯಾಚೆಗೆ ಕೈಬೀಸಿ, ಇಡೀ ಬೀದಿಗೆ ಕೇಳುವಂತೆ ಕೂಗಿದ: "ಅಲ್ಯಾಕೆ ನಿಂತ್ರಿ? ಒಳಗೆ ಬನ್ನಿ, ಬೆಂಚಲ್ಲಿ ಜಾಗ ಇದೆ!"