ಮೇಸ್ತ್ರಿ ಒಳಗೆ, ಕೀಲಿಯೂ ಒಳಗೆ

ಕಾರಿನ ನಾಲ್ಕೂ ಬಾಗಿಲು ಟಕ್ಕೆಂದು ಒಟ್ಟಿಗೇ ಲಾಕಾದಾಗ ಅವಳಿಗೆ ಮೊದಲು ಬಂದದ್ದು ಹೆಮ್ಮೆ. ಎರಡು ಗಂಟೆ ಅವಳ ತಲೆ ತಿಂದ ದೋಷ ಅದು. ಡ್ರೈವರ್ ಬಾಗಿಲು ಮಡಚುವ ಸಂದಿಯಲ್ಲಿ, ರಬ್ಬರ್ ಕೊಳವೆಯೊಳಗೆ ತಂತಿ ತುಂಡಾಗಿ, ಲಾಕುಗಳು ಸತ್ತುಬಿದ್ದಿದ್ದವು. ತುದಿಗಳನ್ನು ಬೆರಳಲ್ಲೇ ಹೊಸೆದು, ತಾಳುತ್ತದೋ ಇಲ್ಲವೋ ನೋಡೋಣವೆಂದು ಬಾಗಿಲು ತಳ್ಳಿ ಮುಚ್ಚಿದ್ದಳು. ಹೆಮ್ಮೆ ಇಳಿಯಲು ಒಂದು ಉಸಿರೂ ಬೇಕಾಗಲಿಲ್ಲ. ಕೀಲಿ ಒಳಗಿತ್ತು. ಅಪ್ಪನೂ ಒಳಗಿದ್ದ.

ಇದೇ ಅಂಗಡಿಯಲ್ಲಿ ನಲವತ್ತು ವರ್ಷ ಕಾರುಗಳ ವೈರಿಂಗ್ ಮಾಡಿದ ಮೇಸ್ತ್ರಿ ಅವನು. ಮಗಳ ಕೈಗೆ ಟೆಸ್ಟರ್ ಕೊಟ್ಟವನೂ ಅವನೇ. ಎರಡು ವರ್ಷದಿಂದ ಮರೆವು ಹಿಡಿದಿತ್ತು; ಒಬ್ಬನನ್ನೇ ಮನೆಯಲ್ಲಿ ಬಿಡುವಂತಿರಲಿಲ್ಲ. ರಿಪೇರಿಗೆ ಬಂದ ಕಾರಿನ ಸೀಟಿನಲ್ಲಿ ಕೂರಿಸಿದರೆ ಮಾತ್ರ ರಂಪ ಮಾಡದೆ ಕೂರುತ್ತಿದ್ದ. ಗ್ಲಾಸ್ ಇಳಿಸದೆ ಲಾಕಿನ ತಂತಿ ಮುಟ್ಟಬೇಡ ಎಂದು ಸಾವಿರ ಸಲ ಬಯ್ದು ಕಲಿಸಿದ್ದ. ಧೂಳಿಗೆ ಕೆಮ್ಮುತ್ತಾನೆಂದು ಇವತ್ತು ಅವಳೇ ಗ್ಲಾಸ್ ಏರಿಸಿದ್ದಳು.

ಮಟಮಟ ಮಧ್ಯಾಹ್ನ, ಅಂಗಳದಲ್ಲಿ ಹಿಡಿ ನೆರಳಿಲ್ಲ. ಇನ್ನೊಂದು ಕೀಲಿ ಇಟ್ಟುಕೊಂಡಿದ್ದ ಕಾರಿನ ಮಾಲೀಕ ಮಹಾಶಯ ಫೋನೇ ಎತ್ತಲಿಲ್ಲ.

"ಅಪ್ಪಾ, ಪಕ್ಕದ ಲಾಕಿನ ಗುಂಡಿ ಮೇಲಕ್ಕೆಳಿ! ಅಪ್ಪಾ!"

ಅವಳು ಗ್ಲಾಸು ಬಡಿದಳು. ದಾರಿಹೋಕರನ್ನು ನೋಡಿ ನಗುವಂತೆ ಅವನು ಮರ್ಯಾದೆಯಿಂದ ನಕ್ಕ. ಅಂಗಿ ಆಗಲೇ ಎದೆಗೆ ಅಂಟಿತ್ತು.

ಪಕ್ಕದ ಟೈರ್ ಅಂಗಡಿಯವನು ಸುತ್ತಿಗೆ ಹಿಡಿದು ಓಡಿಬಂದ. "ನೋಡ್ತಾ ನಿಂತ್ರೆ ಆಗುತ್ತೇನಮ್ಮಾ? ಒಡೆದುಬಿಡೋಣ!"

ಸುತ್ತಿಗೆ ಕಂಡದ್ದೇ ತಡ, ಅಪ್ಪ ಕಳ್ಳರು ಬಂದರೆಂದು ಕಿರುಚಿದ. ಟೈರಿನವನು ಹಿಂದಿನ ಗ್ಲಾಸಿಗೆ ಹೋದರೆ ಅಪ್ಪ ಹಿಂದಿನ ಸೀಟಿನತ್ತ ಬಾಗಿದ, ಡ್ರೈವರ್ ಕಡೆ ಬಂದರೆ ಆ ಸೀಟಿಗೇ ಜರುಗಿ ಎರಡೂ ಅಂಗೈ ಗ್ಲಾಸಿಗೆ ಒತ್ತಿದ. ಎಲ್ಲಿ ಒಡೆದರೂ ಚೂರು ಅವನ ಮೈಗೇ. ತುಟಿ ಒಣಗಿ, ಏದುಸಿರು ಬಿಡುತ್ತಿದ್ದ. ಅವಳಿಗೆ ಕೈಯಾರೆ ಅಪ್ಪನನ್ನು ಕೊಲ್ಲುತ್ತಿದ್ದೇನೆ ಅನ್ನಿಸಿತು.

"ಸುತ್ತಿಗೆ ಬಚ್ಚಿಡಣ್ಣಾ. ಒಂದೇ ನಿಮಿಷ."

ಅವಳು ಕಣ್ಣೊರೆಸಿಕೊಂಡು ನೆಟ್ಟಗೆ ನಿಂತಳು. ಗಿರಾಕಿಗಳು ತಟ್ಟುವಂತೆ ಒಂದೇ ಬೆರಳಲ್ಲಿ ಗ್ಲಾಸ್ ತಟ್ಟಿದಳು.

"ಮೇಸ್ತ್ರಿಗಳೇ, ನಮಸ್ಕಾರ. ಈ ಬಾಗಿಲು ಲಾಕಾಗಿ ಕೂತಿದೆ, ಯಾರ ಕೈಲೂ ಆಗ್ತಿಲ್ಲ. ನೀವೇ ಸ್ವಲ್ಪ ನೋಡ್ತೀರಾ?"

ಅಪ್ಪ ಕಿರುಚುವುದನ್ನು ನಿಲ್ಲಿಸಿದ. ರಿಪೇರಿಗೆಂದು ಅವಳು ಒಳಗಿನ ಹಲಗೆ ಬಿಚ್ಚಿದ್ದ ಡ್ರೈವರ್ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದ. ಪೊಳ್ಳಿನೊಳಗೆ ಕೈ ಹಾಕಿ ತಡಕಿದ. ಕೈ ಜಾರಿತು. ಮತ್ತೆ ಹಾಕಿದ, ಮತ್ತೆ ಜಾರಿತು. ತಲೆ ಸ್ಟೀರಿಂಗಿನ ಮೇಲೆ ವಾಲಿತು.

"ಮೇಸ್ತ್ರೀ! ನಿಮ್ಮನ್ನೇ ನಂಬ್ಕೊಂಡು ಬಂದಿದ್ದೀನಿ!"

ತಲೆ ಎತ್ತಲಿಲ್ಲ. ಆದರೆ ಎರಡು ಬೆರಳು ಲಾಕಿನ ಕಂಬಿಯನ್ನು ಹುಡುಕಿ ಮೇಲಕ್ಕೆಳೆದವು. ಟಕ್.

ಬಾಗಿಲು ತೆರೆದು ಅವಳು ಅಪ್ಪನನ್ನು ತಬ್ಬಿ ಅಂಗಡಿಯೊಳಗಿನ ನೆರಳಿಗೆ ಎಳೆತಂದಳು, ತಲೆಗೆ ನೀರು ಸುರಿದಳು. ಸುಧಾರಿಸಿಕೊಂಡವನೇ ಅವನು ಬಾಟಲಿ ತಳ್ಳಿ, ತೆರೆದ ಬಾಗಿಲಿನ ಸಂದಿಯ ತಂತಿಗಳತ್ತ ಬೆರಳು ಮಾಡಿದ.

"ಯಾರಮ್ಮಾ ಇದನ್ನ ಮಾಡಿದ್ದು? ಬೆಸುಗೆ ಇಲ್ಲ, ಟೇಪ್ ಇಲ್ಲ, ಬರೀ ಕೈಯಲ್ಲಿ ಹೊಸೆದಿದ್ದಾರಲ್ಲ!"

ಅವಳು ಬೆರಳುಗಳನ್ನು ಬಟ್ಟೆಗೆ ಒರೆಸಿಕೊಂಡಳು.

"ಇನ್ಮೇಲೆ ಕಂಡಕಂಡವರ ಕೈಗೆ ಗಾಡಿ ಕೊಡಬೇಡಿ. ನಾನು ಸಿಗದಿದ್ರೆ ನನ್ನ ಮಗಳನ್ನ ಕೇಳಿ. ಅವಳು ಇಂಥಾ ಕೆಲಸ ಮಾಡೋಳಲ್ಲ."

"ಆಗಲಿ ಮೇಸ್ತ್ರೀ," ಎಂದು ಅವಳು ಬಾಟಲಿಯನ್ನು ಮತ್ತೆ ಅವನ ಬಾಯಿಗೆ ಹಿಡಿದಳು.