ಮೊದಲ ಸಲ ಬಿದ್ದದ್ದು

ಐದೇ ಇವೆ, ಪರದೆಯ ಮೇಲೆ ಐದೇ ಫೈಲು, ಮೊದಲನೆಯದು ಎಲ್ಲಿ ಹೋಯಿತು, ಅವನು ಕಣ್ಣುಜ್ಜಿಕೊಂಡು ಮತ್ತೆ ನೋಡಿದ, ಐದೇ — ಆಸ್ಪತ್ರೆಯ ರಕ್ತಪರೀಕ್ಷೆಯ ವರದಿಗಳನ್ನು ವಾರ್ಡುಗಳಿಗೆ ಕಳಿಸುವ ಈ ಹಾಳು ಸಾಫ್ಟ್‌ವೇರ್ ಸರ್ವಿಸ್ ತೆರೆಮರೆಯಲ್ಲೇ ಓಡುತ್ತಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ, ಕೆಟ್ಟು ಬಿದ್ದಾಗ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ, ಬೀಳುವ ಗಳಿಗೆಯಲ್ಲಿ ತನ್ನ ನೆನಪನ್ನೆಲ್ಲ ಒಂದು ಡಂಪ್ ಫೈಲಿಗೆ ಸುರಿದು ಸಾಯುತ್ತದೆ, ತಾನಾಗಿಯೇ ಏಳುತ್ತದೆ, ಮತ್ತೆ ಬೀಳುತ್ತದೆ. ಡಿಸ್ಕ್ ತುಂಬದಿರಲೆಂದು ಹೊಸ ಐದನ್ನು ಉಳಿಸಿ ಹಳೆಯದನ್ನು ಅಳಿಸುವ ನಿಯಮ ಬರೆದವನು ಅವನೇ, ಡಂಪ್ ಅಂದ್ರೆ ಕಸ ಕಣಮ್ಮ, ಹಳೇದಾದಷ್ಟೂ ನಾತ, ಎಂದು ಪಕ್ಕದ ಕುರ್ಚಿಯ ಕನ್ನಡಕದವಳಿಗೆ ಆಗ ನಕ್ಕು ಹೇಳಿದ್ದ, ಈಗ ಅವಳೇ, ಸಾರ್ ಈ ಐದೂ ಪ್ರಯೋಜನ ಇಲ್ಲ, ಇವೆಲ್ಲ ಮೊದಲನೇ ಸಲ ಬಿದ್ದಾಗ ಅರ್ಧಕ್ಕೇ ನಿಂತ ವರದೀನ ಎಡವಿ ಎಡವಿ ಬಿದ್ದಿದ್ದು, ಮೊದಲು ಯಾಕೆ ಬಿತ್ತು ಅನ್ನೋದೇ ಬೇಕು, ಅದನ್ನ ನೀವೇ ಗುಡಿಸಿ ಹಾಕಿದೀರಲ್ಲ — ಗೊತ್ತಮ್ಮಾ, ನನಗೂ ಕಣ್ಣಿದೆ, ಬಾಯಿ ಮುಚ್ಕೊಂಡು ಬ್ಯಾಕಪ್ ನೋಡು.

ಫೋನು ನಡುಗಿತು, ತಂಗಿ, ಅಣ್ಣಾ, ಡಾಕ್ಟ್ರು ಕೇಳ್ತಿದಾರೆ, ಅಮ್ಮ ಮೊದಲನೇ ಸಲ ಬಿದ್ದಾಗ ಎಚ್ಚರ ತಪ್ಪಿ ಬಿದ್ದಳಾ, ಕಾಲು ಜಾರಿ ಬಿದ್ದಮೇಲೆ ಎಚ್ಚರ ತಪ್ಪಿತಾ, ಎದೆಗೆ ಪೇಸ್‌ಮೇಕರ್ ಹಾಕ್ಬೇಕಾ ಬೇಡ್ವಾ ಅನ್ನೋದು ಅದರ ಮೇಲೇ ನಿಂತಿದೆಯಂತೆ, ಆವತ್ತು ಮನೇಲಿದ್ದೋನು ನೀನೊಬ್ಬನೇ, ನೆನಪು ಮಾಡ್ಕೊಳ್ಳೋ — ಮಾಡ್ಕೋತೀನಿ ಇರೇ, ಪ್ರಾಣ ತಿನ್ಬೇಡ, ನಿನ್ನೆ ಬಚ್ಚಲ ಬಾಗಿಲಲ್ಲಿ ಬಿದ್ದದ್ದು, ಮೊನ್ನೆ ಗೋಡೆ ಹಿಡಿದುಕೊಂಡೇ ಕುಸಿದದ್ದು, ಅದರ ಹಿಂದೆ ಮಂಚದ ಪಕ್ಕ, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ, ಆದರೆ ಅವೆಲ್ಲ ಮತ್ತೆ ಬಿದ್ದೇನೆಂಬ ಹೆದರಿಕೆಗೇ ಬಿದ್ದವು, ಕೆಲಸಕ್ಕೆ ಬಾರದವು, ಮೊದಲನೆಯದು — ಅಡುಗೆಮನೆಗೆ ಬೆನ್ನು ಮಾಡಿ ಅವನು ಶೂ ಲೇಸು ಕಟ್ಟುತ್ತಿದ್ದಾನೆ, ಕೊಡೆ ತಗೊಂಡ್ ಹೋಗೋ ಸಿಡುಕಪ್ಪಾ ಎನ್ನುತ್ತಿದ್ದಾಳೆ ಅಮ್ಮ, ಆಮೇಲೆ ಸದ್ದು, ಒಂದಲ್ಲ ಎರಡು, ಧಡ್ ಎಂದದ್ದು ಅಮ್ಮ, ಠಣ್ ಎಂದದ್ದು ಕೈಯಲ್ಲಿದ್ದ ನೀರಿನ ಲೋಟ, ಕೈ ಸಡಿಲಿ ಲೋಟ ಮೊದಲು ಬಿದ್ದಿದ್ದರೆ ಎಚ್ಚರ ಮೊದಲು ತಪ್ಪಿದ್ದು, ಅಮ್ಮ ಮೊದಲು ಬಿದ್ದಿದ್ದರೆ ಕಾಲು ಜಾರಿದ್ದು, ಠಣ್ ಧಡ್, ಅಲ್ಲ, ಧಡ್ ಠಣ್, ಅಣ್ಣಾ ಇದೀಯಾ, ಸಾರ್ ಬ್ಯಾಕಪ್ಪಲ್ಲೂ ಇಲ್ಲ, ಇರ್ರೇ ಇಬ್ರೂ, ತಿರುಗಿ ನೋಡಿದಾಗ — ತಿರುಗಿ ನೋಡಿದಾಗ ಅಮ್ಮ ಆಗಲೇ ನೆಲದ ಮೇಲಿದ್ದಳು, ಲೋಟ ಇನ್ನೂ ಉರುಳುತ್ತಿತ್ತು, ನೀರಿನ ಗೆರೆ ಎಳೆದುಕೊಂಡು ಅವನತ್ತಲೇ, ಧಡ್, ಉರುಳುತ್ತಿತ್ತು, ಠಣ್, ಯಾವುದು ಮೊದಲು, ಲೋಟ ಉರುಳುತ್ತಿತ್ತು, ಲೋಟ —